ಒಡ್ಡಿನ ಬಾರಿಗೆ ಒಡೆಯ ಯಾರು?

ಮುಗಳಖೋಡ, ಹಾರೂಗೇರಿ ಸುತ್ತಿನ ಹೊಲಗಳಲ್ಲಿ ಕಬ್ಬು ಕಡಿಯುವ ಕಾಲ, ಬಾರಿಹಣ್ಣು ಕೆಂಪಾಗುವ ಕಾಲ ಎರಡೂ ಒಂದೇ. ಮಳೆಗಾಲದ ಕೊನೆಗೆ ಹೂ ಬಿಟ್ಟ ಕಂಟಿ ಎಳ್ಳಮಾವಾಸ್ಯೆಯ ಚರಗದ ಹೊತ್ತಿಗೆ ಹಳದಿಗೆ ತಿರುಗುತ್ತದೆ. ಸಂಕ್ರಾಂತಿ ದಾಟುವಷ್ಟರಲ್ಲಿ ಹಣ್ಣು ಕಂದುಗೆಂಪಾಗಿ, ಸಿಪ್ಪೆ ಸುಕ್ಕುಗಟ್ಟಿ, ಮುಟ್ಟಿದರೆ ಉದುರುವಂತಾಗುತ್ತದೆ. ಅದೇ ವಾರಗಳಲ್ಲಿ ಕಬ್ಬಿನ ಗ್ಯಾಂಗು ಹೊಲಕ್ಕಿಳಿಯುತ್ತದೆ. ಕಟಾವಾದ ಮೇಲೆ ರವದಿಗೆ ಬೆಂಕಿ ಬೀಳುತ್ತದೆ, ಒಡ್ಡಿನ ಮೇಲಿನ ಬಾರಿಯೂ ಹಣ್ಣಿನ ಸಮೇತ ಸುಡುತ್ತದೆ. ಬೆಂಕಿಗೆ ಉಳಿದದ್ದು ಜೆಸಿಬಿಗೆ ಸಿಗುತ್ತದೆ. ಇದನ್ನು ಯಾರೂ ನಷ್ಟದ ಬಾಬತ್ತಿನಲ್ಲಿ ಬರೆದುಕೊಳ್ಳುವುದಿಲ್ಲ. ಆದರೆ ಹೊಲದಲ್ಲಿ ಬೆಳೆಯುವುದರಲ್ಲಿ ದಾರಿಹೋಕನೊಬ್ಬ ಕೇಳದೆ ಕಿತ್ತು ತಿನ್ನಬಹುದಾದದ್ದು ಇನ್ನು ಇದೊಂದೇ. ರುಚಿಗಿಂತ ಈ ಕಾರಣಕ್ಕೇ ಒಡ್ಡಿನ ಬಾರಿ ಉಳಿಯಬೇಕು ಎಂಬುದು ನನ್ನ ವಾದ.

ಬಾರಿ ಎಲ್ಲರ ಹಣ್ಣಾಗಿ ಉಳಿದದ್ದು ಹೊಲದವರ ಔದಾರ್ಯದಿಂದ ಮಾತ್ರವಲ್ಲ, ಹಣ್ಣಿನ ಸ್ವಭಾವದಿಂದಲೂ ಹೌದು. ಒಂದೇ ಕಂಟಿಯಲ್ಲಿ ಹಸಿರು, ಹಳದಿ, ಕೆಂಪು ಮೂರೂ ಇರುತ್ತವೆ. ಒಮ್ಮೆಗೇ ಬಡಿದು ಚೀಲ ತುಂಬಿದರೆ ಅರ್ಧ ಒಗರು. ಗಟ್ಟಿ ಹಸಿರುಕಾಯಿ ಕಿತ್ತಿಟ್ಟರೆ ಬಣ್ಣ ಬಂದೀತು, ಆ ರುಚಿ ಬಾರದು. ಆದ್ದರಿಂದ ಒಂದೊಂದನ್ನೇ ಆರಿಸಬೇಕು, ಎರಡು ಮೂರು ದಿನ ಬಿಟ್ಟು ಅದೇ ಕಂಟಿಗೆ ಮತ್ತೆ ಬರಬೇಕು. ಮುಳ್ಳಿನ ಪಾಠ ಬೇರೆಯದೇ. ಎಲೆಯ ಬುಡದಲ್ಲಿ ಜೋಡಿ ಮುಳ್ಳು, ಒಂದು ನೆಟ್ಟಗೆ, ಇನ್ನೊಂದು ಹಿಂದಕ್ಕೆ ಬಾಗಿದ ಕೊಕ್ಕೆ. ಕೈ ಒಳಗೆ ಹೋಗುವಾಗ ಸುಮ್ಮನಿದ್ದು, ಹೊರಗೆ ಎಳೆಯುವಾಗ ಹಿಡಿಯುವುದು ಈ ಕೊಕ್ಕೆ. ಸಿಕ್ಕಿಕೊಂಡಾಗ ಎಳೆಯದೆ ಮೊದಲು ಕೈಯನ್ನು ಒಳಕ್ಕೆ ಸರಿಸಿದರೆ ಅದು ತಾನೇ ಬಿಡುತ್ತದೆ. ಹುಳದ ಮಾತೂ ಇದೆ: ಬಾರಿಗೇ ಬರುವ ಒಂದು ನೊಣದ ಮರಿ ಬೀಜದ ಸುತ್ತ ತಿಂದುಕೊಂಡಿರುತ್ತದೆ, ಹೊರಗೆ ಹಣ್ಣು ಚೊಕ್ಕಟವಾಗಿಯೇ ಕಾಣುತ್ತದೆ. ಬಾಯಿಗೆ ಹಾಕುವ ಮುಂಚೆ ಎರಡು ಹೋಳು ಮಾಡಿ ನೋಡುವುದು ಒಳ್ಳೆಯದು. ನಮ್ಮ ಜಿಲ್ಲೆಯದೇ ರಾಮದುರ್ಗ ತಾಲ್ಲೂಕಿನ ಶಬರಿಕೊಳ್ಳಕ್ಕೆ ಹೋದವರಿಗೆ ಶಬರಿ ಕಚ್ಚಿ ನೋಡಿ ರಾಮನಿಗೆ ಹಣ್ಣು ಕೊಟ್ಟ ಕತೆ ಗೊತ್ತು. ವಾಲ್ಮೀಕಿಯಲ್ಲಿ ಆ ಕಚ್ಚುವಿಕೆ ಇಲ್ಲ, ಜನ ಆಮೇಲೆ ಸೇರಿಸಿದ್ದು. ಸೇರಿಸಿದವರು ಭಕ್ತರಿರಬಹುದು, ಬಾರಿ ಆರಿಸಿದವರಂತೂ ಖಂಡಿತ ಹೌದು.

ಹೀಗೆ ಕಾಯ್ದು, ಆರಿಸಿ, ಒಡೆದು ತಿನ್ನಬೇಕಾದ ಹಣ್ಣಿಗೆ ದೊಡ್ಡ ಪೇಟೆ ಹುಟ್ಟುವುದು ಕಷ್ಟ. ಪೇಟೆ ಇಲ್ಲದ್ದಕ್ಕೆ ಕಾವಲೂ ಬೇಕಾಗಲಿಲ್ಲ. ಇಂಗ್ಲೆಂಡಿನ ಬೇಲಿಸಾಲಿನ ಬ್ಲಾಕ್‌ಬೆರಿಯದೂ ಇದೇ ಕತೆ. ಅಲ್ಲಿಯ 1968ರ ಕಳವು ಕಾಯ್ದೆ ಇದನ್ನು ಬರೆದೇ ಇಟ್ಟಿದೆ: ತಾನಾಗಿ ಬೆಳೆದ ಗಿಡದ ಹಣ್ಣನ್ನು ಇನ್ನೊಬ್ಬರ ನೆಲದಲ್ಲಿ ಕಿತ್ತರೆ ಕಳವಲ್ಲ, ಮಾರುವುದಕ್ಕೆಂದು ಕಿತ್ತರೆ ಮಾತ್ರ ಕಳವು. ತಿನ್ನುವ ಕೈ ಹೊಟ್ಟೆ ತುಂಬಿದಾಗ ನಿಲ್ಲುತ್ತದೆ, ಮಾರುವ ಕೈಗೆ ಆ ಮಿತಿಯಿಲ್ಲ ಎಂಬ ವಿವೇಕ ಅದರಲ್ಲಿದೆ. ಆದರೆ ಅದೇ ಗೆರೆಯನ್ನು ಇಲ್ಲಿ ಎಳೆದರೆ, ಸಾಲೆಯ ಬಾಗಿಲಲ್ಲಿ ಗ್ಲಾಸಿನ ಲೆಕ್ಕದಲ್ಲಿ ಬಾರಿ ಮಾರುವ ಮುದುಕಿ ಕಳ್ಳಿಯಾಗುತ್ತಾಳೆ, ಕಾರು ನಿಲ್ಲಿಸಿ ಮಜಕ್ಕೆ ಕಿತ್ತು ತಿಂದವನು ಸಾಚಾ ಆಗುತ್ತಾನೆ. ಇದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆಯ ರೂಢಿ ಇದಕ್ಕಿಂತ ಮೇಲು: ಬುಟ್ಟಿ ತುಂಬುವವರು ಹೊಲದವರಿಗೆ ಒಂದು ಮಾತು ಹೇಳಿ ಕೀಳುತ್ತಾರೆ, ಹೊಲದ ಮನೆಗೆ ಒಂದು ಬೊಗಸೆ ಕೊಡುತ್ತಾರೆ. ಟೊಂಗೆ ಮುರಿಯಬಾರದು, ಬೆಳೆ ತುಳಿಯಬಾರದು, ಕಳೆನಾಶಕ ಹೊಡೆದ ಹೊಲದ ಅಂಚಿಗೆ ಕೈ ಹಾಕಬಾರದು. ಇಷ್ಟು ಸಾಕು.

ಒಡ್ಡಿನ ಬಾರಿ ಉಳಿಸುವುದಕ್ಕೆ ಹೊಲದವರ ತಕರಾರೂ ಇದೆ, ಅದು ಗಟ್ಟಿಯೇ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಡ್ಡಿಗೂ ಬೆಲೆ ಬಂದಿದೆ. ಒಡ್ಡಿನ ಮುಳ್ಳು ಟ್ರ್ಯಾಕ್ಟರಿನ ಗಾಲಿಗೆ, ಆಳಿನ ಕಾಲಿಗೆ ಚುಚ್ಚುತ್ತದೆ, ಬೇರಿನಿಂದ ಚಿಗುರಿ ಹಬ್ಬುತ್ತದೆ, ತಿನ್ನಬೇಕೆಂದರೆ ಸಂತೆಯಲ್ಲಿ ಆ್ಯಪಲ್ ಬೋರ್ ಇದೆಯಲ್ಲ ಎನ್ನುತ್ತಾರೆ. ಥಾಯ್ಲೆಂಡ್ ಕಡೆಯಿಂದ ಬಂದ ಆ ದೊಡ್ಡ ಹಣ್ಣಿನಲ್ಲಿ ನೀರಿದೆ, ಗರಿಗರಿ ಇದೆ. ಆದರೆ ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಬಾರಿ ಎರೆಯುವ ರೂಢಿಗೆ ಅದಂತೂ ಬೇಡ, ಪೆಟ್ಟಾದೀತು. ಮೇಲಾಗಿ ಅಂಥ ತಳಿಗಳನ್ನು ಕಣ್ಣುಕಸಿ ಮಾಡುವುದು ಬರಕ್ಕೆ ಬಗ್ಗದ ಕಾಡುಬಾರಿಯ ಬೇರಿನ ಮೇಲೆಯೇ. ತೋಟದ ಹಣ್ಣಿಗೂ ಒಡ್ಡಿನ ಈ ಗಿಡವೇ ಬುಡ. ಮುಳ್ಳು ಹಬ್ಬುವ ಮಾತು ನಿಜ, ಅದಕ್ಕೆ ಮದ್ದು ಬೆಂಕಿಯಲ್ಲ, ಕುಡಗೋಲು. ಬಾರಿ ಹೊಸ ಚಿಗುರಿನಲ್ಲೇ ಕಾಯಿ ಬಿಡುವ ಗಿಡ. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನೆ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಟೊಂಗೆ ಸವರಿದರೆ ಗಿಡ ಒಡ್ಡು ದಾಟುವುದಿಲ್ಲ, ಮುಂದಿನ ಹಣ್ಣೂ ಹೆಚ್ಚು. ಸವರಿದ ಎಲೆ ಆಡಿಗೆ, ಮುಳ್ಳು ಬಣವೆಯ ಸುತ್ತಿನ ಬೇಲಿಗೆ. ರವದಿ ಸುಡಲೇಬೇಕೆನ್ನುವವರು ಒಡ್ಡಿನಿಂದ ಎರಡು ಮಾರು ಒಳಕ್ಕೆ ಎಳೆದು ಸುಡಲಿ. ಅದನ್ನು ಸುಡದೆ ಸಾಲಿನಲ್ಲೇ ಹರಡಿ ಕೊಳೆಸುವವರ ಒಡ್ಡಿನಲ್ಲಿ ಬಾರಿಗೆ ಈ ಭಯವೇ ಇಲ್ಲ.