ಯಂತ್ರದೊಳಗಿನ ವಂಶವೃಕ್ಷ

ಅಮೆರಿಕದ ವಿಲ್ ರೈಟ್ ಎಂಬಾತನು ರೂಪಿಸಿದ ‘ದಿ ಸಿಮ್ಸ್’ ಎಂಬ ಗಣಕಯಂತ್ರದ ಆಟವು 2000ರಲ್ಲಿ ಹೊರಬಂದಿತು. ಕಲ್ಪಿತ ಜನರ ದಿನನಿತ್ಯದ ಬಾಳನ್ನು ನಡೆಸುವುದೇ ಆಟಗಾರನ ಕೆಲಸ. ಮಾರ್ಟಿಮರ್, ಬೆಲ್ಲಾ, ಮಗಳು ಕಸಾಂಡ್ರಾ ಇವರ ಗಾಥ್ ಸಂಸಾರವು ಅದರಲ್ಲಿ ಸಿದ್ಧವಾಗಿಯೇ ದೊರೆಯುವುದು.

2004ರಲ್ಲಿ ಬಂದ ಎರಡನೆಯ ಆಟದ ಕಥಾಕಾಲವು 25 ವರ್ಷಗಳ ತರುವಾಯದ್ದು. ಅಲ್ಲಿ ಬೆಲ್ಲಾ ಮನೆಯಲ್ಲಿಲ್ಲ. ವಂಶವೃಕ್ಷದಲ್ಲಿ ಮಾತ್ರ ಆಕೆಯ ಚಿತ್ರವುಂಟು. ಆಕೆ ಏನಾದಳೆಂಬುದನ್ನು ಆಟವು ಬಿಡಿಸಿ ಹೇಳದು. ಯಂತ್ರದಲ್ಲಿರುವುವು ಮುಖ್ಯವಾಗಿ ಮೂರು ಬಗೆಯ ದಾಖಲೆಗಳು: ಯಾರು ಯಾರ ಮಕ್ಕಳೆಂಬುದು, ಒಬ್ಬೊಬ್ಬರ ನೆನಪುಗಳ ಪಟ್ಟಿ, ಪರಸ್ಪರ ಒಲವನ್ನು ಸೂಚಿಸುವ ಅಂಕಿಗಳು. ಇವನ್ನು ಜೋಡಿಸಿ ಚರಿತ್ರೆಯನ್ನು ಕಟ್ಟುವುದು ಆಟಗಾರನ ಮನಸ್ಸು.

2009ರ ಮೂರನೆಯ ಆಟವಾದರೋ ಮೊದಲನೆಯದಕ್ಕಿಂತ 25 ವರ್ಷ ಹಿಂದಕ್ಕೆ ಸರಿದು, ಬೆಲ್ಲಾ ಮತ್ತು ಮಾರ್ಟಿಮರರನ್ನು ಎಳೆಯ ಮಕ್ಕಳನ್ನಾಗಿ ತೋರಿಸಿತು. ಆಟದ ಕರ್ತೃಗಳು ಹೀಗೆ ಬೇಕಾದ ಭೂತಕಾಲವನ್ನು ಆಮೇಲೆ ಬರೆಯಬಲ್ಲರು. ಇತಿಹಾಸಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ದಾಖಲೆ ಮುಗಿದೆಡೆಯಲ್ಲಿ ಅವನು ನಿಲ್ಲಬೇಕು. ಕಂಡದ್ದೆಷ್ಟು, ತಾನು ಕೂಡಿಸಿದ್ದೆಷ್ಟು ಎಂದು ವಿಂಗಡಿಸಿ ನೋಡುವುದೇ ವಿದ್ಯಾರ್ಥಿಯು ಇಲ್ಲಿ ಕಲಿಯತಕ್ಕ ಪಾಠ. ಮನೆಯ ಹಿರಿಯರ ಹಳೆಯ ಭಾವಚಿತ್ರವನ್ನು ನೋಡುವಾಗಲೂ ಈ ಎಚ್ಚರವು ಅವಶ್ಯಕ.