ವಿಂಡೋಸ್ 10ರ ಅವಧಿ ಮುಕ್ತಾಯ: ವರ್ತಕರು ಲೆಕ್ಕಕ್ಕೆ ಹಿಡಿಯಬೇಕಾದ ವೆಚ್ಚ

ವರ್ತಕನು ತೂಕದ ಯಂತ್ರವನ್ನು ಕೊಂಡರೆ ಅದಕ್ಕೆ ಮುದ್ರೆ ಹಾಕಿಸಬೇಕಾದ ಅವಧಿಯನ್ನು ನೆನಪಿನಲ್ಲಿಡುತ್ತಾನೆ. ಸರಕು ಸಾಗಣೆಯ ವಾಹನವನ್ನು ಕೊಂಡರೆ ವಿಮೆ ಮುಗಿಯುವ ದಿನಾಂಕವನ್ನು ಬರೆದಿಡುತ್ತಾನೆ. ಗಣಕಯಂತ್ರದ ವಿಷಯದಲ್ಲಿ ಮಾತ್ರ ಇಂತಹ ರೂಢಿ ಬೆಳೆದಿಲ್ಲ. ನಡೆಯುವಷ್ಟು ದಿನ ನಡೆಯಲಿ ಎಂಬುದೇ ಸಾಮಾನ್ಯ ಧೋರಣೆ. ಆದ್ದರಿಂದಲೇ ಮೈಕ್ರೋಸಾಫ್ಟ್ ಸಂಸ್ಥೆಯು ದಿ. 14-10-2025ರಂದು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಉಚಿತ ಬೆಂಬಲವನ್ನು ಕೊನೆಗೊಳಿಸಿದಾಗ ಅನೇಕ ಅಂಗಡಿ, ಗಿರಣಿ, ಕಾರ್ಖಾನೆಗಳಿಗೆ ಅದು ಅನಿರೀಕ್ಷಿತ ವೆಚ್ಚವಾಗಿ ಎರಗಿತು. ಆ ದಿನಾಂಕವಾದರೋ ವರ್ಷಗಳ ಮೊದಲೇ ಪ್ರಕಟವಾಗಿತ್ತು. ಮೊದಲೇ ತಿಳಿದಿರುವ ವೆಚ್ಚಕ್ಕೆ ಹಣ ತೆಗೆದಿಡದಿರುವುದು ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ದೋಷವೇ ಸರಿ.

ಹಾಗೆಂದು ಬಳಕೆದಾರರ ಅಸಮಾಧಾನಕ್ಕೆ ಆಧಾರವಿಲ್ಲವೆಂದಲ್ಲ. ವಿಂಡೋಸ್ 10 ಹೊರಬಂದದ್ದು ದಿ. 29-7-2015ರಂದು. ಅದೇ ವರ್ಷ ಸಂಸ್ಥೆಯ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ ಇದೇ ವಿಂಡೋಸ್‌ನ ಕೊನೆಯ ಆವೃತ್ತಿ ಎಂದು ಹೇಳಿದ್ದು ಜಗತ್ತಿನಾದ್ಯಂತ ವರದಿಯಾಯಿತು. ಆರು ವರ್ಷಗಳಲ್ಲಿ, ಅಂದರೆ ದಿ. 5-10-2021ರಂದು, ವಿಂಡೋಸ್ 11 ಬಂದಿತು. ವಿಂಡೋಸ್ 7 ಮತ್ತು 8.1 ಹೊಂದಿದ್ದವರಿಗೆ ಮೊದಲ ಒಂದು ವರ್ಷ ಹೊಸ ವ್ಯವಸ್ಥೆಯನ್ನು ಉಚಿತವಾಗಿ ನೀಡಲಾಯಿತೇನೋ ನಿಜ. ಆದರೆ 2016ರಲ್ಲಿ ಪರದೆಯ ಮೇಲೆ ಮೂಡುತ್ತಿದ್ದ ಸೂಚನೆಯನ್ನು ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೂ ನಿಗದಿಯಾಗಿದ್ದ ಬದಲಾವಣೆ ರದ್ದಾಗದೆ ಮುಂದುವರಿದದ್ದುಂಟು. ಅಕ್ಟೋಬರ್ 2018ರ ಪರಿಷ್ಕರಣವು ಕೆಲವರ ಯಂತ್ರಗಳಲ್ಲಿದ್ದ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಸಂಸ್ಥೆಯು ಅದರ ವಿತರಣೆಯನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿ, ನವೆಂಬರ್‌ನಲ್ಲಿ ಸರಿಪಡಿಸಿ ಮತ್ತೆ ಹೊರತರಬೇಕಾಯಿತು. ಮಾರ್ಚ್ 2021ರ ಪರಿಷ್ಕರಣದ ತರುವಾಯ ಕೆಲವು ತಯಾರಕರ ಪ್ರಿಂಟರುಗಳಿಗೆ ಮುದ್ರಣದ ಆದೇಶ ಕೊಟ್ಟೊಡನೆಯೇ ಗಣಕಯಂತ್ರವು ನೀಲಿ ಪರದೆ ತೋರಿ ನಿಂತುಬಿಡುತ್ತಿತ್ತು. ವರ್ಷಾಂತ್ಯದ ತಿಂಗಳಿನಲ್ಲಿ ಬಿಲ್ಲು ಮುದ್ರಣವಾಗದ ವರ್ತಕನ ಸಿಟ್ಟನ್ನು ಯಾರೂ ತಪ್ಪೆನ್ನಲಾರರು.

ಎರಡು ಬಗೆಯ ಪರಿಷ್ಕರಣಗಳು

ಆದರೆ ಈ ಸಿಟ್ಟು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾಡಿಬಿಡುತ್ತದೆ. ಪರಿಷ್ಕರಣಗಳಲ್ಲಿ ವೈಶಿಷ್ಟ್ಯ ಪರಿಷ್ಕರಣ ಮತ್ತು ಭದ್ರತಾ ಪರಿಷ್ಕರಣ ಎಂದು ಎರಡು ಬಗೆ. ಮೊದಲನೆಯದು ಹೊಸ ಸೌಲಭ್ಯಗಳನ್ನು, ಹೊಸ ರೂಪವನ್ನು ತರುತ್ತದೆ; ಎರಡನೆಯದು ಪತ್ತೆಯಾದ ಬಿರುಕುಗಳನ್ನು ಮುಚ್ಚುತ್ತದೆ. ಏಪ್ರಿಲ್ 2023ರಲ್ಲಿ ಸಂಸ್ಥೆಯು 22ಎಚ್2 ಎಂಬುದೇ ವಿಂಡೋಸ್ 10ರ ಕೊನೆಯ ಆವೃತ್ತಿ, ಇನ್ನು ವೈಶಿಷ್ಟ್ಯ ಪರಿಷ್ಕರಣಗಳು ಬರುವುದಿಲ್ಲ ಎಂದು ಸಾರಿದಾಗ ಹಲವರು ಕಳವಳಗೊಂಡರು. ವ್ಯಾಪಾರಸ್ಥನ ದೃಷ್ಟಿಯಿಂದ ಅದು ಶುಭವಾರ್ತೆಯೇ ಆಗಿತ್ತು. ಅಲ್ಲಿಂದ ಅಕ್ಟೋಬರ್ 2025ರವರೆಗಿನ ಸುಮಾರು ಎರಡೂವರೆ ವರ್ಷಗಳಲ್ಲಿ ಯಂತ್ರದ ರೂಪ ಹೆಚ್ಚೇನೂ ಬದಲಾಗದೆ, ಮುಖ್ಯವಾಗಿ ಬಿರುಕುಗಳೇ ಮುಚ್ಚಲ್ಪಡುತ್ತಿದ್ದವು. ಲೆಕ್ಕ ಬರೆಯುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ. ಬದಲಿ ವ್ಯವಸ್ಥೆಗೆ ಸಿದ್ಧತೆ ನಡೆಸಲು ಅದೇ ಯೋಗ್ಯ ಕಾಲವೂ ಆಗಿತ್ತು.

ಭಯಪಡಬೇಕಾದದ್ದು ಎರಡನೆಯದರ ನಿಲುಗಡೆಗೆ. ದಿ. 12-5-2017ರಂದು ಹಬ್ಬಿದ ವಾನ್ನಾಕ್ರೈ ಎಂಬ ಹಾವಳಿಯು 150ಕ್ಕೂ ಹೆಚ್ಚು ದೇಶಗಳಲ್ಲಿ 2 ಲಕ್ಷಕ್ಕೂ ಮಿಕ್ಕ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಬಳಸಿದ ಬಿರುಕನ್ನು ಮುಚ್ಚುವ ಪರಿಷ್ಕರಣವು ಎರಡು ತಿಂಗಳ ಹಿಂದೆಯೇ, ಮಾರ್ಚ್ 2017ರಲ್ಲಿ ಹೊರಬಂದಿತ್ತು. ತೊಂದರೆಗೊಳಗಾದವರಲ್ಲಿ ಬಹುಪಾಲು ಅಂದು ಬೆಂಬಲದಲ್ಲಿದ್ದ ವಿಂಡೋಸ್ 7 ಹೊಂದಿಯೂ ಅದನ್ನು ಅಳವಡಿಸಿಕೊಳ್ಳದವರು. ಬೆಂಬಲ ಮುಗಿದ ಯಂತ್ರಕ್ಕೆ ಅಳವಡಿಸಿಕೊಳ್ಳಲು ಇಂತಹ ಪರಿಷ್ಕರಣವೇ ಬರುವುದಿಲ್ಲ. ವೈರಸ್ ನಿರೋಧಕ ತಂತ್ರಾಂಶವಿದೆಯಲ್ಲ ಎಂಬ ಸಮಾಧಾನ ಸಾಲದು. ಅದು ಕಾವಲುಗಾರನಂತೆ, ಮುರಿದ ಬಾಗಿಲನ್ನು ರಿಪೇರಿ ಮಾಡುವುದು ಅದರ ಕೆಲಸವಲ್ಲ.

ಇನ್ನೊಂದು ಸಂಗತಿ. ಅವಧಿ ಮುಗಿದ ಮರುದಿನ ಯಂತ್ರ ನಿಲ್ಲುವುದಿಲ್ಲ. ಸುತ್ತಲಿನ ಸೌಕರ್ಯಗಳು ಒಂದೊಂದಾಗಿ ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ ಮುಗಿದದ್ದು ದಿ. 14-1-2020ರಂದು. ಅದರ ಮೇಲೆ ನಡೆಯುವ ಕೊನೆಯ ಕ್ರೋಮ್ ಬ್ರೌಸರ್ 109ನೆಯ ಆವೃತ್ತಿ. ಫೆಬ್ರವರಿ 2023ರ ನಂತರದವು ಅದರಲ್ಲಿ ಕೂರುವುದಿಲ್ಲ. ತೆರಿಗೆ ಜಾಲತಾಣ, ಬ್ಯಾಂಕಿನ ಪುಟ, ಡಿಜಿಟಲ್ ಸಹಿಯ ಸಾಧನ ಇವೆಲ್ಲ ಬ್ರೌಸರನ್ನೇ ಅವಲಂಬಿಸಿರುವಾಗ, ಹಳೆಯ ಯಂತ್ರವು ಸೆಟೆದು ನಿಲ್ಲುವುದು ಹೆಚ್ಚಾಗಿ ರಿಟರ್ನ್ ಸಲ್ಲಿಸುವ ಕೊನೆಯ ದಿನವೇ.

ಇರುವ ಮಾರ್ಗಗಳು

ವಿಂಡೋಸ್ 11ಕ್ಕೆ ಅರ್ಹವಾದ ಯಂತ್ರವಿದ್ದರೆ ಬದಲಾವಣೆಗೆ ಶುಲ್ಕವಿಲ್ಲ. ಅರ್ಹತೆಯ ಷರತ್ತುಗಳು ಮುಖ್ಯವಾಗಿ ಇವು: ಸುಮಾರು 2018ರಿಂದ ಈಚಿನ ಪ್ರೊಸೆಸರ್ (ಇಂಟೆಲ್‌ನದಾದರೆ ಎಂಟನೆಯ ಪೀಳಿಗೆಯಿಂದ), 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಸೆಕ್ಯೂರ್ ಬೂಟ್ ಸೌಲಭ್ಯ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕ. ಇವು ಕನಿಷ್ಠ ಮಾತ್ರ. 4 ಜಿಬಿಯಲ್ಲಿ ಬಿಲ್ಲಿಂಗ್ ತಂತ್ರಾಂಶವನ್ನೂ ಬ್ರೌಸರನ್ನೂ ಒಟ್ಟಿಗೆ ನಡೆಸುವವನ ತಾಳ್ಮೆ ದೊಡ್ಡದಿರಬೇಕು. ಯಂತ್ರ ಅನರ್ಹವೆಂದು ಪರದೆ ತೋರಿಸಿದಾಕ್ಷಣ ಗುಜರಿಗೆ ಹಾಕಬಾರದು. ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಅದನ್ನು ಮುಚ್ಚಿಟ್ಟಿರುವ ಯಂತ್ರಗಳು ಬಹಳ. ತಿಳಿದ ತಂತ್ರಜ್ಞರಿಂದ ಅದನ್ನು ತೆರೆಸಿ ಮತ್ತೊಮ್ಮೆ ಪರೀಕ್ಷಿಸಿದರೆ ಕೆಲವು ಸಾವಿರ ರೂಪಾಯಿ ಉಳಿಯಬಹುದು.

ಅನರ್ಹ ಯಂತ್ರದಲ್ಲಿಯೂ ಷರತ್ತುಗಳನ್ನು ತಪ್ಪಿಸಿ ವಿಂಡೋಸ್ 11 ಕೂರಿಸಿಕೊಡುವುದಾಗಿ ಹೇಳುವವರು ಪೇಟೆಯಲ್ಲಿದ್ದಾರೆ. ಹಾಗೆ ಕೂರಿಸಿದ ಯಂತ್ರಕ್ಕೆ ಪರಿಷ್ಕರಣಗಳು ಬರುವ ಖಾತರಿಯಿಲ್ಲವೆಂದು ಸಂಸ್ಥೆಯೇ ಸ್ಪಷ್ಟಪಡಿಸಿದೆ. ಯಾವ ಕಾರಣಕ್ಕಾಗಿ ಬದಲಾಯಿಸುವುದೋ ಆ ಕಾರಣವೇ ಈಡೇರದ ಖರ್ಚು ಅದು.

ಎರಡನೆಯ ಮಾರ್ಗ ಹಣ ತೆತ್ತು ಭದ್ರತಾ ಪರಿಷ್ಕರಣವನ್ನು ವಿಸ್ತರಿಸಿಕೊಳ್ಳುವುದು. 2025ರಲ್ಲಿ ಪ್ರಕಟಿಸಿದ ಯೋಜನೆಯಂತೆ ವೈಯಕ್ತಿಕ ಬಳಕೆದಾರರಿಗೆ ಒಂದು ವರ್ಷ, ಅಂದರೆ ದಿ. 13-10-2026ರವರೆಗೆ, 30 ಡಾಲರ್ ಶುಲ್ಕ ನಿಗದಿಯಾಯಿತು. ಯಂತ್ರದ ಸಿದ್ಧತೆಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಳ್ಳುವವರಿಗೆ ಶುಲ್ಕರಹಿತ ದಾರಿಯನ್ನೂ ಇಡಲಾಯಿತು. ಸಂಸ್ಥೆಗಳಿಗಾದರೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ 122, ಮೂರನೆಯ ವರ್ಷ 244. ಮೂರು ವರ್ಷಗಳಿಗೆ ಒಟ್ಟು 427 ಡಾಲರ್, ಅಂದರೆ ರೂ. 35,000ಕ್ಕೂ ಮಿಕ್ಕ ಮೊತ್ತ. ಎರಡನೆಯ ವರ್ಷದಲ್ಲಿ ಸೇರುವವರು ಮೊದಲ ವರ್ಷದ ಶುಲ್ಕವನ್ನೂ ಕೊಡಬೇಕಾದ್ದರಿಂದ ಕಾದು ನೋಡಿದವನಿಗೆ ಉಳಿತಾಯವಿಲ್ಲ. ಈ ಶುಲ್ಕದಿಂದ ಸ್ಥಿರಾಸ್ತಿಯೇನೂ ಹುಟ್ಟುವುದಿಲ್ಲ. ಆಯಾ ವರ್ಷದ ರೆವಿನ್ಯೂ ಖರ್ಚಾಗಿ ಅದು ತೀರಿಹೋಗುತ್ತದೆ. ಒಂದು ವರ್ಷದ ಮಟ್ಟಿಗೆ ಉಸಿರಾಡಲು ಇದು ತಕ್ಕ ಮಾರ್ಗ. ಮೂರು ವರ್ಷ ತೆರುವುದಾದರೆ ಮೊದಲು ಹೊಸ ಯಂತ್ರದ ದರಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಕೇವಲ ಇ-ಮೇಲ್ ಹಾಗೂ ಜಾಲತಾಣಗಳಿಗೆ ಬಳಸುವ ಯಂತ್ರವಿದ್ದರೆ ಉಬುಂಟುವಿನಂತಹ ಉಚಿತ ಲಿನಕ್ಸ್ ವ್ಯವಸ್ಥೆಯಿಂದಲೂ ಕೆಲಸ ಸಾಗುತ್ತದೆ. ಲೆಕ್ಕದ ಯಂತ್ರಕ್ಕೆ ಅದನ್ನು ಯೋಚಿಸುವ ಮೊದಲು ಲೆಕ್ಕದ ತಂತ್ರಾಂಶದ ಮಾರಾಟಗಾರರನ್ನು ಕೇಳುವುದು ಲೇಸು.

ಹಳೆಯ ಡಾಸ್ ತಂತ್ರಾಂಶಗಳು, ಕಾರ್ಖಾನೆಯ ಯಂತ್ರಗಳು

ಮಂಡಿಪೇಟೆಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಸ್ಥಳೀಯರಿಂದ ಬರೆಸಿದ ಡಾಸ್ ಆಧಾರಿತ ಖಾತೆ ತಂತ್ರಾಂಶಗಳು ಅಲ್ಲಲ್ಲಿ ಇನ್ನೂ ನಡೆಯುತ್ತಿವೆ. ಇವು 32 ಬಿಟ್‌ನ ವಿಂಡೋಸ್‌ನಲ್ಲಿ ಮಾತ್ರ ನೇರವಾಗಿ ನಡೆಯಬಲ್ಲವು. ವಿಂಡೋಸ್ 10 ತನಕ 32 ಬಿಟ್‌ನ ಆವೃತ್ತಿ ಲಭ್ಯವಿತ್ತು. ವಿಂಡೋಸ್ 11 ಕೇವಲ 64 ಬಿಟ್‌ನದು. ಹಳೆಯ ಪ್ರಿಂಟರ್, ಬಾರ್‌ಕೋಡ್ ಸಾಧನ ಮುಂತಾದವುಗಳ 32 ಬಿಟ್ ಚಾಲಕ ತಂತ್ರಾಂಶಗಳೂ ಅಲ್ಲಿ ಕೆಲಸ ಮಾಡವು. ಆದ್ದರಿಂದ ಇಂತಹ ವರ್ತಕರಿಗೆ ಈ ಬದಲಾವಣೆಯು ಯಂತ್ರದ ಬದಲಾವಣೆ ಮಾತ್ರವಲ್ಲ, ಖಾತೆ ಬರೆಯುವ ಪದ್ಧತಿಯ ಬದಲಾವಣೆಯೂ ಹೌದು. ಹಳೆಯ ತಂತ್ರಾಂಶದಿಂದ ಪ್ರತಿಯೊಂದು ವರ್ಷದ ಖತಾವಣೆ, ತಾಳೆಪಟ್ಟಿ, ದಾಸ್ತಾನು ಪಟ್ಟಿಗಳನ್ನು ಯಂತ್ರ ಜೀವಂತವಿರುವಾಗಲೇ ಮುದ್ರಿಸಿ ಅಥವಾ ಪಿಡಿಎಫ್ ರೂಪಕ್ಕೆ ತೆಗೆದಿಡಬೇಕು.

ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಲೇತ್, ಮಿಲ್ಲಿಂಗ್ ಮೊದಲಾದ ಸಿಎನ್‌ಸಿ ಯಂತ್ರಗಳಿಗೆ ಜೋಡಿಸಿದ ಗಣಕಯಂತ್ರಗಳ ಪ್ರಶ್ನೆ ಬೇರೆಯೇ. ಯಂತ್ರದ ತಯಾರಕರ ಸಲಹೆಯಿಲ್ಲದೆ ಅಲ್ಲಿ ಏನನ್ನೂ ಬದಲಿಸಬಾರದು. ಕೈಗಾರಿಕಾ ಬಳಕೆಯ ವಿಂಡೋಸ್ 10 ಐಓಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಎಂಬ ಆವೃತ್ತಿಗೆ ಜನವರಿ 2032ರವರೆಗೆ ಬೆಂಬಲವಿದೆ. ಯಂತ್ರದಲ್ಲಿರುವುದು ಅದೇ ಆಗಿದ್ದರೆ ಅವಸರವಿಲ್ಲ. ಇಲ್ಲವಾದರೆ ಆ ಗಣಕಯಂತ್ರವನ್ನು ಅಂತರಜಾಲದಿಂದ ಪ್ರತ್ಯೇಕಿಸಿ, ಕಾರ್ಯಕ್ರಮಗಳನ್ನು ಸಾಗಿಸಲು ಒಂದೇ ಪೆನ್‌ಡ್ರೈವ್ ಮೀಸಲಿಟ್ಟು, ಅದನ್ನು ಬೇರಾವ ಯಂತ್ರಕ್ಕೂ ಚುಚ್ಚದಂತೆ ಕಟ್ಟುಪಾಡು ಮಾಡುವುದು ಕ್ಷೇಮ.

ಲೆಕ್ಕಪುಸ್ತಕದ ದೃಷ್ಟಿ

ಕಂಪನಿ ಕಾಯ್ದೆ 2013ರ ಎರಡನೆಯ ಅನುಸೂಚಿಯಲ್ಲಿ ಮೇಜಿನ ಮೇಲಿನ ಗಣಕಯಂತ್ರಕ್ಕೆ 3 ವರ್ಷ, ಸರ್ವರ್‌ಗೆ 6 ವರ್ಷ ಉಪಯುಕ್ತ ಆಯುಷ್ಯವೆಂದು ಗಣಿಸಲಾಗಿದೆ. ಆದಾಯ ತೆರಿಗೆಯಲ್ಲಿ ಶೇ. 60ರಷ್ಟಿದ್ದ ಸವಕಳಿ ದರವನ್ನು ಕರನಿರ್ಧರಣ ವರ್ಷ 2018-19ರಿಂದ ಶೇ. 40ಕ್ಕೆ ಇಳಿಸಲಾಯಿತು. ರೂ. 50,000ಕ್ಕೆ ಕೊಂಡ ಯಂತ್ರದ ಮೌಲ್ಯವು ಈ ದರದಲ್ಲಿ ಐದು ಪೂರ್ಣ ವರ್ಷಗಳ ನಂತರ ರೂ. 3,888ಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ ನಾಲ್ಕು ಸಾವಿರವೂ ಬಾಳದ ಪೆಟ್ಟಿಗೆಯೊಳಗೆ ಕೋಟ್ಯಂತರ ರೂಪಾಯಿಗಳ ಬಾಕಿ ವಸೂಲಿ ಪಟ್ಟಿ ಕುಳಿತಿರುತ್ತದೆ. ಮಾಲೀಕನ ಗಮನವು ಪುಸ್ತಕದ ಮೌಲ್ಯವನ್ನೇ ಅನುಸರಿಸುವುದರಿಂದ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ಸ್ಥಿರಾಸ್ತಿ ವಹಿಯಲ್ಲಿ ಪ್ರತಿ ಗಣಕಯಂತ್ರದ ಎದುರಿಗೆ ಅದರ ಕಾರ್ಯಾಚರಣಾ ವ್ಯವಸ್ಥೆ, ಆವೃತ್ತಿ ಹಾಗೂ ಬೆಂಬಲ ಮುಗಿಯುವ ದಿನಾಂಕಕ್ಕೆ ಒಂದು ಅಂಕಣ ಹಾಕಿದರೆ ಈ ಕೊರತೆ ನೀಗುತ್ತದೆ. ವಿಂಡೋಸ್ 11ಕ್ಕೂ ಈ ಅಂಕಣ ಬೇಕು. ಅದರ ಹೋಮ್ ಮತ್ತು ಪ್ರೊ ಬಗೆಗಳ ಪ್ರತಿ ಆವೃತ್ತಿಗೂ 24 ತಿಂಗಳ ಬೆಂಬಲ ಮಾತ್ರ. ಉದಾಹರಣೆಗೆ 23ಎಚ್2 ಆವೃತ್ತಿಯ ಅವಧಿ ದಿ. 11-11-2025ರಂದೇ ಮುಗಿಯಿತು. ಅದೇ ವಹಿಯಲ್ಲಿ ಪರವಾನಗಿಯ ವಿವರವೂ ಇರಲಿ. ಯಂತ್ರದೊಂದಿಗೆ ಬಂದ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡದ್ದು, ಹೊಸ ಯಂತ್ರಕ್ಕೆ ವರ್ಗವಾಗದು. ಬಿಡಿಭಾಗ ಜೋಡಿಸಿ ಮಾರುವ ಯಂತ್ರಗಳಲ್ಲಿ ಪರವಾನಗಿಯಿಲ್ಲದ ಪ್ರತಿಯನ್ನು ತುಂಬಿಕೊಡುವ ಪರಿಪಾಠದ ಬಗ್ಗೆ ಎಚ್ಚರ ಅಗತ್ಯ. ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಮಿನಂತೆ ನಕಲಿ ತಂತ್ರಾಂಶವನ್ನು ತಿಳಿದೂ ಬಳಸುವುದು 7 ದಿನಗಳಿಂದ 3 ವರ್ಷಗಳವರೆಗಿನ ಕಾರಾಗೃಹವಾಸಕ್ಕೂ ರೂ. 50,000ದಿಂದ 2 ಲಕ್ಷದವರೆಗಿನ ದಂಡಕ್ಕೂ ಗುರಿಪಡಿಸುತ್ತದೆ. ವ್ಯಾಪಾರದ ಲಾಭಕ್ಕೆ ಬಳಸದವರಿಗೆ ಅಲ್ಲಿ ಕೊಟ್ಟಿರುವ ವಿನಾಯಿತಿ ವರ್ತಕನಿಗೆ ದೊರೆಯುವುದಿಲ್ಲ.

ಹೊಸ ಯಂತ್ರದ ಮೇಲೆ ತೆತ್ತ ಶೇ. 18ರ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಪಡೆದರೆ ಆ ಭಾಗದ ಮೇಲೆ ಸವಕಳಿ ಕೇಳಬಾರದು. ಹಳೆಯ ಯಂತ್ರ ಹೋದರೂ ಹಳೆಯ ಲೆಕ್ಕ ಹೋಗಬಾರದು. ಕಂಪನಿಗಳು 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಕಾಯ್ದಿಡಬೇಕು. ಅವು ಎಲೆಕ್ಟ್ರಾನಿಕ್ ರೂಪದಲ್ಲಿದ್ದರೆ ಮುಂದೆ ನೋಡಲು ಒದಗುವಂತಿರಬೇಕು, ಪ್ರತಿದಿನದ ಪ್ರತಿಯು ಭಾರತದೊಳಗಿನ ಸರ್ವರ್‌ನಲ್ಲಿರಬೇಕು. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು. 2022-23ರ ಗಡುವು ದಿ. 31-12-2023 ಆಗಿತ್ತಾದ್ದರಿಂದ ಆ ವರ್ಷದ ದಾಖಲೆಗಳು ದಿ. 31-12-2029ರವರೆಗೆ ಓದಲು ಸಿಗಬೇಕು. ಹೊಸ ಯಂತ್ರದಲ್ಲಿ ಹಳೆಯ ವರ್ಷಗಳ ಖಾತೆ ತೆರೆದು, ತಾಳೆಪಟ್ಟಿಯ ಮೊತ್ತ ಹೊಂದುವುದನ್ನು ಕಣ್ಣಾರೆ ನೋಡುವವರೆಗೆ ಹಳೆಯದನ್ನು ಕೈಬಿಡಬಾರದು.

ಬದಲಾವಣೆಯ ದಿನವನ್ನು ಆರಿಸುವುದೂ ಮುಖ್ಯವೇ. ಮಾಸಿಕ ಭದ್ರತಾ ಪರಿಷ್ಕರಣವು ತಿಂಗಳ ಎರಡನೆಯ ಮಂಗಳವಾರ ಹೊರಬರುತ್ತದೆ. ಭಾರತದಲ್ಲಿ ಆಗ ರಾತ್ರಿಯಾದ್ದರಿಂದ ಅಂಗಡಿಗಳ ಯಂತ್ರಗಳಿಗೆ ಅದು ತಲುಪುವುದು ಬುಧವಾರ. ಎರಡನೆಯ ಮಂಗಳವಾರವೆಂದರೆ 8ರಿಂದ 14ನೆಯ ತಾರೀಖಿನೊಳಗೆ. ಮಾಸಿಕ ಜಿಎಸ್‌ಟಿಆರ್-1 ಸಲ್ಲಿಸುವ ಗಡುವು 11. ಬಳಕೆದಾರರ ರೇಗಾಟಕ್ಕೆ ಅರ್ಧ ಕಾರಣ ಈ ಕಾಕತಾಳೀಯವೇ ಇರಬೇಕು. ಪರಿಷ್ಕರಣವನ್ನು ಕೆಲವು ದಿನ ತಡೆಹಿಡಿಯುವ ಸೌಲಭ್ಯ ವ್ಯವಸ್ಥೆಯಲ್ಲೇ ಇದೆ. 20ರಂದು ಜಿಎಸ್‌ಟಿಆರ್-3ಬಿ ಮುಗಿದ ಮೇಲೆ ಮೊದಲು ಒಂದು ಯಂತ್ರದಲ್ಲಿ ಅಳವಡಿಸಿ, ಬಿಲ್ಲು ಮುದ್ರಿಸಿ, ಡಿಜಿಟಲ್ ಸಹಿ ಪರೀಕ್ಷಿಸಿ, ಅನಂತರ ಉಳಿದವಕ್ಕೆ ಬಿಡಬಹುದು. ಆದರೆ ತಡೆಹಿಡಿದದ್ದನ್ನು ಆ ತಿಂಗಳೊಳಗೆ ಬಿಡಲೇಬೇಕು. ವಾನ್ನಾಕ್ರೈಗೆ ಸಿಕ್ಕವರು ಎರಡು ತಿಂಗಳು ತಡಮಾಡಿದವರು.

ಹಳೆಯ ಯಂತ್ರವನ್ನು ಮಾರುವಾಗ ಹಾರ್ಡ್ ಡಿಸ್ಕನ್ನು ಕಳಚಿ ಉಳಿಸಿಕೊಳ್ಳುವುದು ಉತ್ತಮ. ಕೊಂಡಾಗ ಹೂಡುವಳಿ ತೆರಿಗೆ ಪಡೆದಿದ್ದರೆ, ಉಳಿದಿರುವ ಅವಧಿಯ ಪಾಲಿನ ತೆರಿಗೆ ಅಥವಾ ಮಾರಿದ ಬೆಲೆಯ ಮೇಲಿನ ತೆರಿಗೆ, ಎರಡರಲ್ಲಿ ಹೆಚ್ಚಿನದನ್ನು ಪಾವತಿಸಬೇಕು. ಐದು ವರ್ಷ ಕಳೆದ ಯಂತ್ರಕ್ಕೆ ಉಳಿದ ಪಾಲಿಲ್ಲ. ಮಾರಿದ ಬೆಲೆಗೆ ತಕ್ಕ ತೆರಿಗೆಯ ಬಿಲ್ಲು ಹಾಕಿದರೆ ಸಾಕು.