ಮುಚ್ಚಿದ ಟಾಕೀಸಿನ ಕತೆ

ಅರಸೀಕೆರೆಯಿಂದ ನಾವು ರೈಲಿನಲ್ಲಿ ಬೆಂಗಳೂರಿಗೆ ಹೋಗ್ತೀವಿ. ಬೇಲೂರು, ಹಳೇಬೀಡಿನವರು ಬಸ್ಸಿನಲ್ಲಿ ಹೋಗ್ತೀವಿ. ಅಲ್ಲಿ ರೈಲು ನಿಲ್ದಾಣದ ಎದುರು ದೊಡ್ಡ ಬಸ್ ನಿಲ್ದಾಣ ಇದೆ. ಜನ ಆ ಜಾಗಕ್ಕೆ ಮೆಜೆಸ್ಟಿಕ್ ಅಂತಾರೆ. ಇದು ರಾಜನ ಹೆಸರಲ್ಲ, ದೇವರ ಹೆಸರಲ್ಲ. ಒಂದು ಸಿನಿಮಾ ಟಾಕೀಸಿನ ಹೆಸರು! ಆ ಟಾಕೀಸು ಈಗಿಲ್ಲ. ಹೆಸರು ಮಾತ್ರ ಉಳಿದಿದೆ.

ಮೆಜೆಸ್ಟಿಕ್ ಹತ್ತಿರ ಗಾಂಧಿನಗರ ಇದೆ. ಅಲ್ಲಿ ಬಹಳ ಟಾಕೀಸುಗಳಿದ್ದವು. ಅವುಗಳಲ್ಲಿ ಹೆಸರಾದದ್ದು ಕಪಾಲಿ.

ಕಪಾಲಿ 1968ರಲ್ಲಿ ಶುರುವಾಯಿತು. ಆಗ ಉಪಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಅದನ್ನು ಉದ್ಘಾಟಿಸಿದರು. ಒಳಗೆ ಸಾವಿರಕ್ಕೂ ಹೆಚ್ಚು ಸೀಟು. ಗೋಡೆಯಷ್ಟು ದೊಡ್ಡ, ಬಾಗಿದ ಪರದೆ. 1995ರಲ್ಲಿ ಶಿವರಾಜ್‌ಕುಮಾರ್ ನಟಿಸಿದ 'ಓಂ' ಸಿನಿಮಾ ಬಂತು. ಕಪಾಲಿಯಲ್ಲಿ ಅದನ್ನು ಎಷ್ಟೋ ಸಲ ಮತ್ತೆ ಮತ್ತೆ ಹಾಕಿದರು. ಜನ ಮತ್ತೆ ಮತ್ತೆ ನೋಡಿದರು.

2017ರ ಅಕ್ಟೋಬರ್‌ನಲ್ಲಿ ಕಪಾಲಿ ಮುಚ್ಚಿತು. ಕಟ್ಟಡ ಕೆಡವಿದರು. ಅಲ್ಲಿ ಮಾಲ್ ಕಟ್ಟಿದರು.

ಇಂಥ ಟಾಕೀಸುಗಳು ಯಾಕೆ ಮುಚ್ಚುತ್ತವೆ?

ಮೊದಲು ಮನೆಗೆ ಟಿ.ವಿ. ಬಂತು. ಆಮೇಲೆ ಕೈಗೆ ಮೊಬೈಲ್ ಬಂತು. ಸಾವಿರ ಸೀಟಿನಲ್ಲಿ ನೂರು ಜನ ಕೂತರೂ ಕರೆಂಟು ಬಿಲ್ಲು ಕಟ್ಟಬೇಕು. ಕೆಲಸದವರಿಗೆ ಸಂಬಳ ಕೊಡಬೇಕು. ಪೇಟೆಯ ನಡುವಿನ ಜಾಗಕ್ಕೆ ಚಿನ್ನದ ಬೆಲೆ. ಟಾಕೀಸಿಗಿಂತ ಅಂಗಡಿ ಕಟ್ಟಿದರೆ ಲಾಭ ಹೆಚ್ಚು.

ಇನ್ನೊಂದು ಕಾರಣ ಮಲ್ಟಿಪ್ಲೆಕ್ಸ್. ಹಾಗಂದರೆ ಏನು? ಒಂದೇ ಕಟ್ಟಡದಲ್ಲಿ ಹಲವು ಚಿಕ್ಕ ಟಾಕೀಸು. 2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ತೆರೆಯಿತು. ಅಲ್ಲಿ ತಂಪು ಗಾಳಿ, ಮೆತ್ತನೆ ಸೀಟು. ಟಿಕೆಟ್ ಬೆಲೆಯೂ ಜಾಸ್ತಿ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಒಂದು ನಿಯಮ ಮಾಡಿತು. ತೆರಿಗೆ ಬಿಟ್ಟು ಟಿಕೆಟ್ ಬೆಲೆ 200 ರೂಪಾಯಿ ದಾಟಬಾರದು ಎಂದಿತು. ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟಿಗೆ ಹೋದರು. ಅದೇ ತಿಂಗಳು ಕೋರ್ಟು ಆ ನಿಯಮಕ್ಕೆ ತಡೆ ಕೊಟ್ಟಿತು.

ಇದರಿಂದ ನಮಗೇನು ಅಂತೀರಾ? ಯೋಚನೆ ಮಾಡೋಣ.

ಹಿಂದೆ ಊರಿಗೆ ಟೆಂಟ್ ಸಿನಿಮಾ ಬರ್ತಿತ್ತು. ಹೆಂಗಸರಿಗೆ ಬೇರೆ ಜಾಗ ಇರ್ತಿತ್ತು. ಪೇಟೆಯ ಟಾಕೀಸಿನಲ್ಲೂ ಹೆಂಗಸರ ಟಿಕೆಟಿಗೆ ಬೇರೆ ಸಾಲು. ಅಕ್ಕಪಕ್ಕದ ಮನೆಯವರು ಕೂಡಿ ಹೋಗ್ತಿದ್ದೆವು. ಮೂರು ತಾಸು ಒಲೆ ಇಲ್ಲ, ಕೊಡ ಇಲ್ಲ. ಮನಸಾರೆ ನಗ್ತಿದ್ದೆವು, ಅಳ್ತಿದ್ದೆವು. ಕೂಲಿ ಮಾಡುವ ಹೆಂಗಸಿನ ಕೈಗೂ ಎಟುಕುವ ಸಂತೋಷ ಅದು. ಟಾಕೀಸು ಮುಚ್ಚಿದಾಗ ಮಾಲೀಕರಿಗೆ ಜಾಗದ ಬೆಲೆ ಸಿಕ್ಕಿತು. ಗೇಟು ಕಾಯುವವರ, ಕಸ ಗುಡಿಸುವವರ ಕೆಲಸ ಹೋಯಿತು. ನಾವು ಕೂಡಿ ಕೂರುವ ಒಂದು ಜಾಗ ಹೋಯಿತು.

ಬೇಲೂರಿನ ಗುಡಿ 1117ರಲ್ಲಿ ಆಯಿತು. ಅದರ ಚರಿತ್ರೆ ಕಲ್ಲಿನ ಮೇಲಿದೆ. ಟಾಕೀಸಿನ ಚರಿತ್ರೆ ಜನರ ಬಾಯಲ್ಲಿದೆ. ಅದನ್ನೂ ಬರೆದಿಡಬೇಕು. ಈಗ ನಮಗೆ ಬರೆಯೋಕೆ ಬರ್ತದೆ ಅಲ್ವಾ?

ಹೇಳಿ, ಬರೆಯಿರಿ
1. ಕಪಾಲಿ ಎಷ್ಟು ವರ್ಷ ನಡೆಯಿತು? 2017ರಲ್ಲಿ 1968 ಕಳೆಯಿರಿ.
2. ಒಂದು ಟಿಕೆಟಿಗೆ 200 ರೂಪಾಯಿ. ನಾಲ್ಕು ಜನಕ್ಕೆ ಎಷ್ಟು? ಅದು ನಿಮ್ಮ ಎಷ್ಟು ದಿನದ ಕೂಲಿ?
3. ನಿಮ್ಮ ಊರಿನಲ್ಲಿ ಟಾಕೀಸು ಇತ್ತೇ? ಹಿರಿಯರನ್ನು ಕೇಳಿ. ಐದು ಸಾಲು ಬರೆಯಿರಿ.
4. ಹೆಂಗಸರು ಕೂಡಿ ಕೂರಲು ಈಗ ನಿಮ್ಮೂರಲ್ಲಿ ಯಾವ ಜಾಗ ಇದೆ? ಚರ್ಚೆ ಮಾಡಿ.